ಕುದಿಯುವ ಕೆರೆಯ ದಾರಿಯಲ್ಲಿ ನಾನು ಹೇಳಿದ ಮಾತು

ನನ್ನ ಗಂಡನಿಗೆ ಕಣ್ಣು ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಆಡಿನ ದೆಸೆಯಿಂದ. ಅಂಗಳದಲ್ಲಿ ಕರಿ ಆಡು ಮಲಗಿತ್ತು. ಬಾಗಿಲಿನಿಂದ ಇಳಿದು ಬಂದ ಥಿಯೋಫಿಲ್ ನೇರವಾಗಿ ಅದರ ಮೇಲೆ ಕಾಲಿಟ್ಟು ಮುಗ್ಗರಿಸಿ ಬಿದ್ದ. ಹಾಡಹಗಲು. ಎದ್ದು ಮಂಡಿ ಒರೆಸಿಕೊಳ್ಳುತ್ತಾ, "ಈ ದರಿದ್ರದ್ದನ್ನ ಇಲ್ಲಿ ಯಾರು ಕಟ್ಟಿದ್ದು?" ಅಂದ. ಕಟ್ಟಿದ್ದು ಅವನೇ, ಅರ್ಧ ಗಂಟೆ ಹಿಂದೆ.

ಆಮೇಲೆ ನಾನು ಗಮನಿಸತೊಡಗಿದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಪಕ್ಕದಲ್ಲಿ ನಿಂತು ನಗುತ್ತಿದ್ದವರಿಗೆ ಅವನು ಮರಳಿ ನಗುತ್ತಿರಲಿಲ್ಲ. ಚರ್ಚಿನಿಂದ ಬರುವಾಗ ಚರಂಡಿಗೆ ಒಂದು ಕಾಲು ಇಳಿಸಿದ. ಒಂದು ಸಂಜೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕೇಳಿದೆ. ಆಗ ಹೇಳಿದ: ವರ್ಷದ ಹಿಂದೆಯೇ ನಮ್ಮ ದ್ವೀಪದ ರಾಜಧಾನಿ ರೋಸೋದ ಡಾಕ್ಟರಿಗೆ ತೋರಿಸಿದ್ದನಂತೆ. ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹಿಡಿದಿಡಲು ಹನಿ ಹಾಕಬೇಕು.

"ಎಷ್ಟು ಕಾಣತ್ತೆ?"

"ಪಕ್ಕದ್ದೆಲ್ಲ ಹೋಯ್ತು, ಫೊನ್ಸಿ. ಮುಂದಿಂದು ಕೊಳವೆಯಲ್ಲಿ ಇಣುಕಿದ ಹಾಗೆ ಒಂದಿಷ್ಟು. ಅದೂ ಮಸುಕು."

"ಹಾಗಾದ್ರೆ ಬೆಟ್ಟಕ್ಕೆ ಹೇಗೆ ಹೋಗ್ತೀಯ?"

"ಕಾಲಿಗೆ ಗೊತ್ತು ದಾರಿ."

ಥಿಯೋ ಮೂವತ್ತಮೂರು ವರ್ಷದಿಂದ ಪ್ರವಾಸಿಗಳನ್ನು ಕುದಿಯುವ ಕೆರೆಗೆ ಕರೆದುಕೊಂಡು ಹೋಗುತ್ತಿದ್ದವನು. ನಮ್ಮ ಲೋದಾ ಊರಿನಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ಕಾಡು ದಾಟಿ, ಎಲ್ಲರೂ ಬುತ್ತಿ ಬಿಚ್ಚುವ ಹೊಳೆ ದಾಟಿ, ಮೋರ್ನ್ ನಿಕಲ್ಸ್ ಬೆಟ್ಟದ ಚೂಪು ಬೆನ್ನು ಹತ್ತಿ, ಆಚೆ ಪಾಳುಕಣಿವೆಗೆ ಇಳಿಯಬೇಕು. ಅಲ್ಲಿ ನೆಲವೇ ಉಸಿರು ಬಿಡುತ್ತದೆ. ಗಂಧಕದ ಹಬೆ, ಹಳದಿ ಕಲ್ಲು, ಕೊತಕೊತ ಕುದಿಯುವ ಬೂದು ಕೆಸರು. ಅದರಾಚೆ ಕೆರೆ. ಸಂಜೆ ನಾಲ್ಕರ ಹೊತ್ತಿಗೆ ವಾಪಸ್. ಈ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಬಂದರೂ ಬೇಕಾಗಿರಲಿಲ್ಲ.

"ಅರಣ್ಯ ಇಲಾಖೆಯವರಿಗೆ ತಿಳಿದ್ರೆ ಲೈಸೆನ್ಸ್ ಕಿತ್ಕೋತಾರೆ. ಆಮೇಲೆ ನಾನು ಈ ಕುರ್ಚಿ ಮೇಲೆ ಕೂತು ಸಾಯೋದಷ್ಟೆ," ಅಂದ. ಬೇಡಿಕೊಂಡದ್ದಲ್ಲ, ಸುಮ್ಮನೆ ಹೇಳಿದ್ದು. ಅದಕ್ಕೇ ನನಗೆ ಹೆದರಿಕೆಯಾಯಿತು.

ಮರುವಾರದಿಂದ ನಾನೂ ಅವನ ಜೊತೆ ಹೋಗತೊಡಗಿದೆ. ಅಡುಗೆಯವಳು ಎಂದು ಹೆಸರು. ಬೆನ್ನಿಗೆ ಹಸಿ ಮೊಟ್ಟೆ, ಕರಿದ ರೊಟ್ಟಿ, ಉಪ್ಪುಮೀನು. ಮೊಟ್ಟೆಗಳನ್ನು ಕಣಿವೆಯ ಬಿಸಿನೀರಲ್ಲೇ ಬೇಯಿಸಿಕೊಡುತ್ತಿದ್ದೆ. ಐವತ್ತಾರರ ಹೆಂಗಸು, ಅದುವರೆಗೆ ಹೊಳೆ ದಾಟಿ ಮುಂದೆ ಹೋದವಳೇ ಅಲ್ಲ. ಮೊದಲ ತಿಂಗಳು ರಾತ್ರಿ ಮಂಡಿಗೆ ಬೇ ಎಲೆಯ ಎಣ್ಣೆ ತಿಕ್ಕಿಕೊಂಡು ಅತ್ತಿದ್ದೇನೆ.

ನಾನು ಮುಂದೆ, ನನ್ನ ಹಿಂದೆ ಅವನು, ಅವನ ಹಿಂದೆ ಪ್ರವಾಸಿಗಳು. ಹೋಗುತ್ತಾ ಹೋಗುತ್ತಾ ಜೋರಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ: "ಬೇರು ಇದೆ, ನೋಡ್ಕೊಂಡು ಬನ್ನಿ. ಇಲ್ಲಿ ಮೆಟ್ಟಿಲು ಮುರಿದಿದೆ." ಬಂದವರು ಸಂತೋಷಪಡುತ್ತಿದ್ದರು, ಎಷ್ಟು ಕಾಳಜಿಯ ಹೆಂಗಸು ಎಂದು. ತೀರಾ ಕಷ್ಟದ ಕಡೆ ಮಾತ್ರ ನಮ್ಮ ಆಡುಮಾತು ಕ್ರಿಯೋಲಿನಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದೆ: "ಎಡಗಾಲು ಒಂದು ಗೇಣು ಆಚೆ ಇಡು. ಈಗ ಕೆಳಗೆ. ಕೈ ಚಾಚು, ಕೊಂಬೆ ಇದೆ." ಅವನು ಹಿಂದಿನವರಿಗೆ ಗಿಳಿಯ ಕತೆ ಹೇಳುತ್ತಲೇ ಕಾಲಿಡುತ್ತಿದ್ದ.

ನಮ್ಮೂರ ಹುಡುಗ ಫೆರಾಲ್, ಅವನೂ ಗೈಡ್, ದಾರಿಯಲ್ಲಿ ಸಿಕ್ಕಾಗಲೆಲ್ಲ ಛೇಡಿಸುತ್ತಿದ್ದ. "ಏನ್ ಮಾಮಾ, ಕಾಡಿಗಾದ್ರೂ ಒಬ್ನೇ ಬರೋಕೆ ಅತ್ತೆ ಬಿಡಲ್ವಾ?"

"ನಿಂಗೆ ಜೊತೆಗೆ ಬರೋರು ಯಾರೂ ಇಲ್ಲ ಅಂತ ಹೊಟ್ಟೆಯುರಿ," ಅನ್ನುತ್ತಿದ್ದ ಥಿಯೋ.

ಒಂದು ಮಾತು ಮುಚ್ಚಿಡಬಾರದು. ಇದು ತಪ್ಪು ಎಂದು ನನಗೆ ಪ್ರತಿದಿನವೂ ಗೊತ್ತಿತ್ತು. ಅವನ ಕೈಯಲ್ಲಿ ಜೀವ ಕೊಟ್ಟು ಬರುತ್ತಿದ್ದವರಿಗೆ ನಾವು ಮೋಸ ಮಾಡುತ್ತಿದ್ದೆವು. ಆದರೂ ಬಿಡಲಿಲ್ಲ. ಅವನ ಹಟ ಒಂದು ಕಾರಣ. ಇನ್ನೊಂದು ನನ್ನದೇ. ಮದುವೆಯಾಗಿ ಮೂವತ್ತು ವರ್ಷ ಅವನು ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ದಣಿದು ಬರುತ್ತಿದ್ದ ಮನುಷ್ಯ. ಈಗ ಇಡೀ ದಿನ ನನ್ನ ದನಿ ಹಿಡಿದುಕೊಂಡು ನಡೆಯುತ್ತಿದ್ದ. ಹದಿನಾಲ್ಕು ತಿಂಗಳು ಹಾಗೆ ಕಳೆದೆವು. ನನ್ನ ಬದುಕಿನಲ್ಲಿ ಅಷ್ಟು ಸುಖದ ಕಾಲ ಬೇರೆ ಇಲ್ಲ. ಹೇಳಲು ನಾಚಿಕೆಯಾಗುತ್ತದೆ.

ಆ ದಿನ ಬಂದವರು ಇಬ್ಬರೇ, ಪ್ಯಾರಿಸ್ಸಿನ ಗಂಡ ಹೆಂಡತಿ. ರೋಡ್ರಿಗ್ ಐವತ್ತರ ದಪ್ಪ ಮನುಷ್ಯ, ಮಾತು ಕಡಿಮೆ. ಅವನ ಹೆಂಡತಿ ಜಿನೆಟ್ ಆಸ್ಪತ್ರೆಯಲ್ಲಿ ನರ್ಸ್. ನಮ್ಮದೇ ಮೈಬಣ್ಣದವಳು. ಅವಳನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಬೆಳಗಿನಿಂದ ಅವಳು ಫ್ರೆಂಚ್ ಬಿಟ್ಟರೆ ಇಂಗ್ಲಿಷ್, ಬೇರೆ ಒಂದು ಪದ ಆಡಿರಲಿಲ್ಲ.

ಹಿಂದಿನ ಎರಡು ದಿನ ಮಳೆ ಸುರಿದು ದಾರಿ ಜಾರುತ್ತಿತ್ತು. ಬೆಟ್ಟದ ಆಚೆ ಇಳಿಜಾರಿನಲ್ಲಿ ಮೆಟ್ಟಿಲುಗಳೇ ಕೊಚ್ಚಿಹೋಗಿದ್ದವು. ಕಾಲಿನ ನೆನಪು ಉಪಯೋಗಕ್ಕೆ ಬಾರದ ಜಾಗ. ಅಲ್ಲಿ ನಾನು ಒಂದೊಂದು ಹೆಜ್ಜೆಯನ್ನೂ ಕ್ರಿಯೋಲಿನಲ್ಲಿ ಹೇಳಿ ಇಳಿಸಿದೆ. ಥಿಯೋನ ಕತೆಯೂ ನಿಂತುಹೋಗಿತ್ತು. ತಿರುಗಿ ನೋಡಿದಾಗ ಜಿನೆಟ್ ನನ್ನ ಮುಖವನ್ನೇ ನೋಡುತ್ತಿದ್ದಳು.

ಕೆರೆ ತಲುಪಿದಾಗ ಹನ್ನೊಂದೂವರೆ. ಹಬೆ ಸರಿದಾಗೊಮ್ಮೆ ಕೆಳಗೆ ಬೂದುಬಣ್ಣದ ನೀರು ಕುದಿಯುವುದು ಕಾಣುತ್ತಿತ್ತು. ಥಿಯೋ ಬಂಡೆಯ ಮೇಲೆ ಕೂತು ರೋಡ್ರಿಗ್‌ಗೆ ವಿವರಿಸುತ್ತಿದ್ದ. ನಾನು ಮೊಟ್ಟೆ ಸುಲಿಯುತ್ತಿದ್ದೆ. ಜಿನೆಟ್ ಬಂದು ಪಕ್ಕದಲ್ಲಿ ಕೂತಳು. ಕೂತು ನಮ್ಮ ಭಾಷೆಯಲ್ಲೇ, ಪಕ್ಕದ ದ್ವೀಪ ಗ್ವಾಡಲೂಪದ ಎಳೆತದಲ್ಲಿ ಕೇಳಿದಳು:

"ನಿಮ್ಮ ಯಜಮಾನರಿಗೆ ಎಷ್ಟು ಕಾಣತ್ತೆ?"

ಮೊಟ್ಟೆ ಕೈಯಿಂದ ಜಾರಿತು. "ಚೆನ್ನಾಗೇ ಕಾಣತ್ತೆ."

"ನಮ್ಮಮ್ಮ ಗ್ವಾಡಲೂಪದ ಬಾಸ್‌ತೇರ್‌ನವಳು. ಮನೆಯಲ್ಲಿ ಇದೇ ಮಾತು. ಬೆಳಗ್ಗೆಯಿಂದ ನೀವು ಅವರಿಗೆ ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದೀನಿ. ಎಡಗಾಲು, ಬಲಗಾಲು, ಕೊಂಬೆ ಹಿಡಿ."

ನಾನು ಅವಳ ಕೈ ಹಿಡಿದುಕೊಂಡೆ. "ತಾಯೀ, ಇಷ್ಟು ವರ್ಷದಲ್ಲಿ ಒಬ್ಬರಿಗೂ ಒಂದು ಗಾಯ ಆಗಿಲ್ಲ. ನಾನು ಮುಂದೆ ಇದ್ದೀನಲ್ಲ. ಯಾರಿಗೂ ಹೇಳಬೇಡಿ. ಅವನು ಸತ್ತುಹೋಗ್ತಾನೆ."

"ನೀವು ಕಾಲು ಉಳುಕಿಸಿಕೊಂಡ್ರೆ ನಮ್ಮ ಗತಿ ಏನು? ಅದನ್ನ ಯೋಚನೆ ಮಾಡಿದ್ದೀರಾ?"

ಮಾಡಿರಲಿಲ್ಲ. ನಿಜ ಹೇಳಬೇಕೆಂದರೆ ಆ ಯೋಚನೆಯ ಹತ್ತಿರ ಹೋಗದ ಹಾಗೆ ನೋಡಿಕೊಂಡಿದ್ದೆ.

ಅವಳು ಕೈ ಬಿಡಿಸಿಕೊಂಡಳು. "ಈಗ ನನ್ನ ಗಂಡನಿಗೆ ಹೇಳಲ್ಲ, ಅವರು ಗಾಬರಿಬೀಳ್ತಾರೆ. ಕೆಳಗೆ ಇಳಿದ ಮೇಲೆ ನಾನು ಸುಮ್ಮನಿರಲ್ಲ. ಅದು ನಿಮಗೆ ಗೊತ್ತಿರಲಿ."

ವಾಪಸ್ ಹೊರಟೆವು. ಮೋಡ ಇಳಿದು ಮಳೆ ಹಿಡಿಯಿತು. ಮುಗಿಯಿತು ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಥಿಯೋಗೆ ಹೇಗೆ ಹೇಳಲಿ? ಇವತ್ತೇ ಹೇಳಬೇಕೋ, ಇಲಾಖೆಯ ಕಾಗದ ಬಂದ ಮೇಲೋ? ಬಾಯಿ ತಾನಾಗಿ ಹೆಜ್ಜೆ ಹೇಳುತ್ತಿತ್ತು, ಆದರೆ ನಿಮಿಷಕ್ಕೊಮ್ಮೆ ತಿರುಗಿ ಅವನ ಮುಖ ನೋಡುತ್ತಿದ್ದೆ. ಪಾಳುಕಣಿವೆಯಲ್ಲಿ ಬಿಸಿ ತೊರೆಯ ಪಕ್ಕ ಹಾಗೆ ತಿರುಗಿದಾಗಲೇ ಕಾಲಡಿಯ ಒಣಕೆಸರಿನ ಹಕ್ಕಳೆ ಒಡೆಯಿತು. ಬಲಗಾಲು ಮೊಣಕಾಲಿನ ತನಕ ಕುದಿಯುವ ಕೆಸರಿನಲ್ಲಿ ಇಳಿಯಿತು.

ಕೂಗಿದೆನಂತೆ. ನನಗೆ ನೆನಪಿಲ್ಲ. ರೋಡ್ರಿಗ್ ಹಿಂದಿನಿಂದ ತೋಳಿಗೆ ಕೈಹಾಕಿ ಎಳೆದ. ಜಿನೆಟ್ ಬೂಟು ಕತ್ತರಿಸಿ ತೆಗೆದು, ಹತ್ತು ಹೆಜ್ಜೆ ಆಚೆ ಹರಿಯುವ ತಣ್ಣೀರಿನಲ್ಲಿ ನನ್ನ ಕಾಲನ್ನು ಅದುಮಿ ಹಿಡಿದಳು. ಥಿಯೋ ನಿಂತಲ್ಲೇ ನಿಂತು, "ಫೊನ್ಸಿ, ಎಲ್ಲಿದ್ದೀಯ? ಏನಾಯ್ತು, ಯಾರಾದ್ರೂ ಹೇಳ್ರೋ," ಅನ್ನುತ್ತಿದ್ದ. ಒಂದು ಹೆಜ್ಜೆ ಮುಂದಿಡಲೂ ಅವನಿಗೆ ಧೈರ್ಯವಿರಲಿಲ್ಲ. ಇಡೀ ಬೆಟ್ಟವೇ ತನ್ನದು ಎಂಬಂತೆ ಓಡಾಡಿದ್ದ ಮನುಷ್ಯ.

ಚರ್ಮ ಕಾಲುಚೀಲದ ಜೊತೆಗೇ ಬಂದಿತ್ತು. ಪಾದ ಊರುವ ಮಾತೇ ಇರಲಿಲ್ಲ. ರೋಡ್ರಿಗ್ ನನ್ನನ್ನು ಹೊತ್ತು ನೋಡಿದ. ಆ ಜಾರಿನಲ್ಲಿ ಇಬ್ಬರೂ ಬೀಳುವುದು ಖಂಡಿತವಾಗಿತ್ತು. ಫೋನಿಗೆ ಸಿಗ್ನಲ್ ಸಿಗಬೇಕಾದರೆ ಮೋರ್ನ್ ನಿಕಲ್ಸ್ ಹತ್ತಿ ಆಚೆ ಮಗ್ಗುಲಿಗೆ ಹೋಗಬೇಕು.

ಥಿಯೋ ನನ್ನ ದನಿ ಹಿಡಿದು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ನನ್ನ ತಲೆ ಮುಟ್ಟಿದ. ಆಮೇಲೆ ಎದ್ದು ಅವರಿಬ್ಬರಿಗೆ ಗೈಡಿನ ದನಿಯಲ್ಲಿ ಹೇಳಿದ: "ನೀವು ಇಲ್ಲೇ ಇರಿ. ನಾನೊಬ್ಬನೇ ಬೇಗ ಹೋಗ್ತೀನಿ. ಎರಡು ಗಂಟೆಯಲ್ಲಿ ಜನ ಕರ್ಕೊಂಡು ಬರ್ತೀನಿ."

ರೋಡ್ರಿಗ್ ಸರಿ ಅಂದ. ಅವನಿಗೇನು ಗೊತ್ತು. ಜಿನೆಟ್ ನನ್ನ ಕಡೆ ನೋಡಿದಳು. ಹೇಳುವುದನ್ನು ನನಗೇ ಬಿಟ್ಟಳು.

ಬೆಟ್ಟದ ಬೆನ್ನು ನನ್ನ ಕಣ್ಣ ಮುಂದೆ ಬಂತು. ಅಗಲ ಒಂದು ಮಂಚದಷ್ಟೂ ಇಲ್ಲ, ಎರಡೂ ಕಡೆ ಆಳ, ಮೇಲೆ ಮಳೆ. ಮೆಟ್ಟಿಲು ಕೊಚ್ಚಿಹೋದ ಜಾಗದಲ್ಲಿ ಅವನ ಕಾಲು ಹಳೆಯ ಮೆಟ್ಟಿಲು ಹುಡುಕುತ್ತದೆ. ಸುಮ್ಮನಿದ್ದರೆ ಅವನು ಹೋಗುತ್ತಾನೆ, ನನ್ನನ್ನು ಉಳಿಸಲು ಹೋಗಿಯೇ ಹೋಗುತ್ತಾನೆ. ನಾಳೆ ಫೆರಾಲ್ ಹಗ್ಗ ಕಟ್ಟಿ ಅವನನ್ನು ಮೇಲೆತ್ತುತ್ತಾನೆ. ಮಾತಾಡಿದರೆ ಅವನು ಬದುಕುತ್ತಾನೆ, ಆದರೆ ಪರಕೀಯರ ಮುಂದೆ ಅವನ ಮಾನ ತೆಗೆದವಳು ನಾನಾಗುತ್ತೇನೆ.

"ಅವನನ್ನ ಒಬ್ಬನೇ ಕಳಿಸಬೇಡಿ," ಅಂದೆ. "ಅವನಿಗೆ ಕಣ್ಣು ಕಾಣಲ್ಲ."

ಥಿಯೋ ನಕ್ಕ. "ನೋವಿಗೆ ಏನೇನೋ ಬಡಬಡಿಸ್ತಾಳೆ."

"ಎರಡು ವರ್ಷದಿಂದ ಕಾಣಲ್ಲ. ನಾನು ದಾರಿ ಹೇಳ್ತೀನಿ, ಅವನು ನಡೀತಾನೆ."

"ಬಾಯ್ಮುಚ್ಚು, ಫೊನ್ಸಿ."

ಜಿನೆಟ್ ಎದ್ದು ಅವನ ಪಕ್ಕಕ್ಕೆ ಹೋಗಿ, ಕಿವಿಯ ನೇರಕ್ಕೆ, ಒಂದು ಮೊಳ ದೂರದಲ್ಲಿ ಕೈ ಎತ್ತಿ ಹಿಡಿದಳು. "ನನ್ನ ಕೈಯಲ್ಲಿ ಎಷ್ಟು ಬೆರಳು, ಮಿಸ್ಟರ್ ವಾಲ್ಮಂಡ್? ತಲೆ ತಿರುಗಿಸದೆ ಹೇಳಿ."

ಅವನು ಮುಂದೆ ನೋಡುತ್ತಲೇ, "ಐದು," ಅಂದ.

ಅವಳು ಹಿಡಿದಿದ್ದು ಮುಷ್ಟಿ. ಯಾರೂ ಏನೂ ಅನ್ನಲಿಲ್ಲ. ಆ ಮೌನದಿಂದಲೇ ಅವನಿಗೆ ತಿಳಿಯಿತು. ಮುಖದಲ್ಲಿದ್ದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ರೋಡ್ರಿಗ್ ಮೆಲ್ಲನೆ ಒಂದು ಬಂಡೆ ಹುಡುಕಿಕೊಂಡು ಕೂತುಬಿಟ್ಟ. ಬೆಳಗಿನಿಂದ ತಾನು ಯಾರ ಬೆನ್ನು ನೋಡಿಕೊಂಡು ನಡೆದಿದ್ದೆ ಎಂಬುದು ಅವನಿಗೆ ಆಗ ಅರ್ಥವಾಗುತ್ತಿತ್ತು.

ಕೊನೆಗೆ ಥಿಯೋನೇ ಮಾತಾಡಿದ. "ಸರ್, ನಿಮ್ಮ ಬೂಟು ಹಿಡಿತ ಕೊಡತ್ತಾ?"

"ಕೊಡತ್ತೆ ಅನ್ಸತ್ತೆ. ಆದ್ರೆ ನನಗೆ ಎತ್ತರ ಅಂದ್ರೆ ಆಗಲ್ಲ."

"ಆಗದಿದ್ರೆ ತೆವಳಿಕೊಂಡು ಹೋಗೋಣ. ದಾರಿ ನನಗೆ ಗೊತ್ತು. ಮುಂದೆ ಏನಿದೆ ಅಂತ ನೀವು ಹೇಳಿದ್ರೆ ಸಾಕು."

ರೋಡ್ರಿಗ್ ಹೆಂಡತಿಯ ಕಡೆ ನೋಡಿದ. "ಹೋಗಿ. ಇವರನ್ನ ಬಿಟ್ಟು ನಾನು ಬರೋಕಾಗಲ್ಲ," ಅಂದಳು ಅವಳು. ಥಿಯೋ ಅವನ ಭುಜದ ಮೇಲೆ ಕೈಯಿಟ್ಟ. ನನ್ನ ಕಡೆ ತಿರುಗಲಿಲ್ಲ. ನಾನು ಹೆಸರು ಹಿಡಿದು ಕರೆದೆ. ಇಬ್ಬರೂ ಹಬೆಯಲ್ಲಿ ಹೋದರು.

ಅದು ಮಧ್ಯಾಹ್ನ ಒಂದು ಗಂಟೆ.

ಕಾಯುವುದು ಎಂದರೇನು ಎಂದು ಆ ದಿನ ತಿಳಿದೆ. ಜಿನೆಟ್ ನನ್ನನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಒಂದು ಕಡೆ ನೆಲ ಸುಡುತ್ತಿತ್ತು, ಇನ್ನೊಂದು ಕಡೆಯಿಂದ ಮಳೆ ಚಳಿ ಹಿಡಿಸುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಕಾಲಿನ ನೋವು ಬಂದು ಬಂದು ಹೋಗುತ್ತಿತ್ತು, ಅದನ್ನು ತಡೆಯಬಹುದಿತ್ತು. ಕಿವಿಯನ್ನು ತಡೆಯಲಾಗಲಿಲ್ಲ. ಬೆಟ್ಟದ ಕಡೆಯಿಂದ ಕಲ್ಲು ಉರುಳಿದ ಸದ್ದಾದರೆ ಜೀವ ಬಾಯಿಗೆ ಬರುತ್ತಿತ್ತು.

"ಅದು ಮನುಷ್ಯರ ಕೂಗಲ್ವಾ?"

"ಹಬೆಯ ಸದ್ದು. ಮೂರನೇ ಸಲ ಕೇಳ್ತಿದ್ದೀರಿ."

"ನಿಮ್ಮ ಯಜಮಾನರಿಗೆ ಏನಾದ್ರೂ ಆದ್ರೆ..."

"ಅದನ್ನ ನನ್ನ ಹತ್ರ ಹೇಳಬೇಡಿ." ಆಮೇಲೆ ಅವಳೇ ಮುಂದುವರಿಸಿದಳು: "ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದು ಹೋಗಲ್ಲ. ಕಾಲು ಅಲ್ಲಾಡಿಸಬೇಡಿ. ಇನ್ನೊಂದು ಗುಟುಕು ನೀರು ಕುಡೀರಿ."

ಕುಡಿದೆ. ದೇವರಲ್ಲಿ ಬೇಡಿಕೊಳ್ಳೋಣವೆಂದರೆ ಯಾರ ಪರವಾಗಿ ಮೊದಲು ಬೇಡುವುದು ತಿಳಿಯಲಿಲ್ಲ. ಥಿಯೋ ಬದುಕಲಿ ಎಂದುಕೊಂಡೆ. ಆ ಪರದೇಶದ ಗಂಡಸು ಬದುಕದಿದ್ದರೆ ಥಿಯೋ ಬದುಕಿ ಏನು ಪ್ರಯೋಜನ ಎಂದೂ ಅನ್ನಿಸಿತು. ಮೂರಾಯಿತು, ನಾಲ್ಕಾಯಿತು. ತೊರೆ ಉಬ್ಬಿ ನಮ್ಮ ಬಂಡೆಯ ಬುಡಕ್ಕೆ ಬಂತು. ಜಿನೆಟ್ ನನ್ನ ಕಂಕುಳಿಗೆ ಕೈಕೊಟ್ಟು ಎರಡು ಸಲ ಮೇಲಕ್ಕೆ ಎಳೆದಳು. ಐದರ ಹೊತ್ತಿಗೆ ಅವಳೂ ಮಾತು ನಿಲ್ಲಿಸಿದಳು. ಅವಳ ಬೆನ್ನು ನಡುಗುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಅಳುತ್ತಿದ್ದಳು. ಹಿಂದಕ್ಕೆ ಕೈ ಚಾಚಿದೆ. ಅವಳು ಹಿಡಿಯಲಿಲ್ಲ, ತಳ್ಳಲೂ ಇಲ್ಲ.

ಐದೂವರೆಗೆ ಕೂಗು ಕೇಳಿತು. ಈ ಸಲ ಹಬೆಯಲ್ಲ. ಇಳಿಜಾರಿನಲ್ಲಿ ಹಳದಿ ರೇನ್‌ಕೋಟುಗಳು, ಬಿದಿರಿನ ಡೋಲಿ. ಎಣಿಸಿದೆ. ಆರು ಜನ, ಎಲ್ಲ ನಮ್ಮೂರ ಹುಡುಗರೇ. ಮುಂದೆ ಫೆರಾಲ್. ಥಿಯೋ ಇರಲಿಲ್ಲ. ಮತ್ತೆ ಎಣಿಸಿದೆ.

"ಎಲ್ಲೋ ಅವನು? ಫೆರಾಲ್, ನಿಮ್ಮ ಮಾಮ ಎಲ್ಲಿ?"

"ಇದ್ದಾನೆ ಅತ್ತೆ, ಇದ್ದಾನೆ. ಮೇಲಿಂದ ಫೋನ್ ಮಾಡಿದ್ರು. ಹೊಳೆ ಹತ್ರ ಸಿಕ್ಕಿದ್ರು ಇಬ್ರೂ. ಮಾಮನ ಹಣೆ ಒಡೆದಿದೆ, ಆ ಮನುಷ್ಯನ ಎರಡೂ ಮಂಡಿ ಕಿತ್ತುಹೋಗಿದೆ. ಮಾಮ ವಾಪಸ್ ಬರ್ತೀನಿ ಅಂತ ಹಟ ಹಿಡಿದ. ನಾನೇ ಬೇಡ ಅಂದೆ."

ಜಿನೆಟ್ ಮೊಣಕಾಲಿಗೆ ಮುಖ ಒತ್ತಿಕೊಂಡಳು.

ಡೋಲಿಗೆ ನನ್ನನ್ನು ಕಟ್ಟುವಾಗ ಫೆರಾಲ್‌ಗೆ ಹೇಳಿದೆ: "ನಿಮಗೆಲ್ಲ ಒಂದು ವಿಷಯ ಮುಚ್ಚಿಟ್ಟಿದ್ವಿ ಕಣೋ."

ಅವನು ಗಂಟು ಬಿಗಿಯುತ್ತಾ, "ಗೊತ್ತಿತ್ತು ಅತ್ತೆ," ಅಂದ. "ಊರಿಗೆಲ್ಲ ಗೊತ್ತಿತ್ತು. ಹೇಳೋಕೆ ಯಾರಿಗೂ ಬಾಯಿ ಬರಲಿಲ್ಲ."

ನಮ್ಮ ಮೇಲಿನ ಪ್ರೀತಿಯಿಂದಲೇ ಸುಮ್ಮನಿದ್ದರು. ಅದನ್ನು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ.

ಕತ್ತಲಾದ ಮೇಲೆ ರಸ್ತೆ ತಲುಪಿದೆವು. ಆಂಬುಲೆನ್ಸ್ ಪಕ್ಕದಲ್ಲಿ ಥಿಯೋ ನಿಂತಿದ್ದ, ಹಣೆಗೆ ಬಟ್ಟೆ ಕಟ್ಟಿಕೊಂಡು. ಡೋಲಿ ಅವನ ಮುಂದೆಯೇ ಹೋಯಿತು. ನಾನು ಕರೆದೆ. ದನಿ ಬಂದ ಕಡೆ ಮುಖ ತಿರುಗಿಸಿದ, ಅಷ್ಟೆ. ಅವನ ಪಕ್ಕ ನಿಂತಿದ್ದ ರೋಡ್ರಿಗ್ ಮಾತ್ರ ಬಂದು ನನಗೆ ಹೇಳಿದ: "ಬೆಟ್ಟದ ಮೇಲೆ ನನಗೆ ಕೈಕಾಲು ಬಿದ್ದುಹೋಯ್ತು. ಅರ್ಧ ಗಂಟೆ ಅಲ್ಲಾಡಲಿಲ್ಲ. ಅವರು ನನ್ನ ಪಕ್ಕ ಮಲಗಿ, ಮುಂದೆ ಯಾವ ಕಲ್ಲು, ಅದರಾಚೆ ಯಾವ ಬೇರು ಅಂತ ಹೇಳ್ತಾ ಕರ್ಕೊಂಡು ಬಂದ್ರು. ಅವರ ಮೇಲೆ ದೂರು ಕೊಡಬೇಕೋ ಕೈ ಮುಗೀಬೇಕೋ ಗೊತ್ತಾಗ್ತಿಲ್ಲ."

ದೂರು ಜಿನೆಟ್ ಕೊಟ್ಟಳು. ಕೊಡುತ್ತೇನೆಂದು ಮೊದಲೇ ಹೇಳಿದ್ದಳು. ನಾನು ಅವಳನ್ನು ಬೈಯುವುದಿಲ್ಲ.

ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ತೊಡೆಯ ಚರ್ಮ ತೆಗೆದು ಕಾಲಿಗೆ ಹಾಕಿದರು. ಥಿಯೋ ಎರಡು ಸಲ ಬಂದ, ಫೆರಾಲ್ ಜೊತೆ. ಕುರ್ಚಿಯಲ್ಲಿ ಕೂತು ಫೆರಾಲ್ ಹತ್ತಿರ ಮಾತಾಡಿ ಹೋದ. ಮನೆಗೆ ಬಂದ ಮೇಲೂ ಹಾಗೇ. ಗೆಣಸು ಬೇಯಿಸಿ ತಟ್ಟೆ ತಂದು ಹಾಸಿಗೆಯ ಪಕ್ಕ ಇಡುತ್ತಿದ್ದ. ನನ್ನ ಹತ್ತಿರ ಒಂದು ಮಾತಿಲ್ಲ. ಇಲಾಖೆಯ ಕಾಗದ ಬಂದಾಗ ಬಿಚ್ಚಿ ನನ್ನ ಕೈಗೆ ಕೊಟ್ಟ. ಲೈಸೆನ್ಸ್ ಹಿಂದಿರುಗಿಸಬೇಕು, ವಿಚಾರಣೆಗೆ ಬರಬೇಕು ಎಂದಿತ್ತು. ಓದಿ ಹೇಳಿದೆ. ಕೇಳಿಸಿಕೊಂಡು ಹೊರಗೆ ಹೋದ. ರಾತ್ರಿ ಪಕ್ಕದಲ್ಲಿ ಅವನು ಎಚ್ಚರವಾಗಿರುವುದು ಉಸಿರಿನಿಂದ ತಿಳಿಯುತ್ತಿತ್ತು. ಬೆಟ್ಟದಿಂದ ಅವನನ್ನು ಉಳಿಸಿ ಈ ಮನೆಯೊಳಗೆ ಕೊಲ್ಲುತ್ತಿದ್ದೇನೆ ಎನ್ನಿಸುತ್ತಿತ್ತು. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ತೆಗೆದುಕೊಳ್ಳುತ್ತಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ. ಆದರೂ ಅದು ನನ್ನನ್ನು ಮಲಗಲು ಬಿಡುತ್ತಿರಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮನೆ ಮುಂದೆ ಗಾಡಿ ನಿಂತಿತು. ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು: ಥಿಯೋಫಿಲ್ ವಾಲ್ಮಂಡ್ ಮನೆ ಇದೇನಾ, ಐದು ವರ್ಷದ ಹಿಂದೆ ನನ್ನ ಅಕ್ಕನನ್ನು ಕೆರೆಗೆ ಕರೆದುಕೊಂಡು ಹೋಗಿದ್ದರಂತೆ, ನಾಳೆ ನಮ್ಮನ್ನೂ ಕರೆದುಕೊಂಡು ಹೋಗುತ್ತೀರಾ ಎಂದು.

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಒಪ್ಪಿಕೊಂಡುಬಿಟ್ಟರೆ? ಒಬ್ಬನೇ ಹೊರಟರೆ? ಕಾಲೂರಿ ಎದ್ದು ಹೋಗುವ ಹಾಗಿರಲಿಲ್ಲ.

ಬಾಗಿಲ ಬಳಿಯಿಂದ ಅವನ ದನಿ: "ಆಗಲ್ಲಮ್ಮ. ನನಗೆ ಕಣ್ಣು ಕಾಣಲ್ಲ. ಮೇಲುಗಡೆ ನಾಲ್ಕನೇ ಮನೆ, ಫೆರಾಲ್ ಅಂತ ಇದ್ದಾನೆ. ಅವನನ್ನ ಕೇಳಿ."

ಗಾಡಿ ಹೋಯಿತು. ಅವನು ಗೋಡೆ ಸವರಿಕೊಂಡು ಒಳಗೆ ಬಂದು ಮಂಚದ ತುದಿಯಲ್ಲಿ ಕೂತ.

"ಆ ಮಾತು ನಾನು ಹೇಳಬೇಕಿತ್ತು," ಅಂದ. "ನೀನಲ್ಲ."

ಅವನು ಹೊದಿಕೆಯ ಮೇಲೆ ಕೈಯಾಡಿಸಿ ನನ್ನ ಕಾಲು ಎಲ್ಲಿದೆ ಎಂದು ಹುಡುಕಿದ, ಪಟ್ಟಿಗೆ ತಾಗದ ಹಾಗೆ ಹೆಬ್ಬೆರಳನ್ನು ಹಿಡಿದುಕೊಂಡ, ಹಾಗೇ ಕೂತ.